ಅಧಿನಿಯಮ, ಉಪವಿಧಿ ಮತ್ತು ಮನೆಯ ಹೊಸ್ತಿಲು

ಬೋರಾಮಣಿಯಂಥ ಊರುಗಳಲ್ಲಿ ‘ಸೊಸೈಟಿ’ ಎಂದರೆ ರೈತರಿಗೆ ಬೆಳೆಸಾಲ ಕೊಡುವ ಸಹಕಾರ ಸಂಘ. ಹೈದರಾಬಾದ್ ಹೆದ್ದಾರಿ ಹಿಡಿದು ಸೊಲ್ಲಾಪುರ ನಗರವನ್ನು ಹೊಕ್ಕರೆ ಅದೇ ಮಾತಿಗೆ ಇನ್ನೊಂದು ಅರ್ಥ ಬರುತ್ತದೆ: ಹತ್ತಾರು ಮನೆಗಳು ಒಂದೇ ಕಟ್ಟಡದಲ್ಲಿಯೋ ಒಂದೇ ಬಡಾವಣೆಯಲ್ಲಿಯೋ ಇದ್ದು, ಅವುಗಳ ಆಡಳಿತವನ್ನು ಅಲ್ಲಿಯ ನಿವಾಸಿಗಳೇ ನಡೆಸುವ ಗೃಹನಿರ್ಮಾಣ ಸಹಕಾರ ಸಂಘ. ಓದು ಮುಗಿಸಿ ಸೊಲ್ಲಾಪುರ, ಪುಣೆ, ಮುಂಬಯಿಗಳಿಗೆ ಉದ್ಯೋಗಕ್ಕಾಗಿ ತೆರಳುವ ಈ ಭಾಗದ ಕನ್ನಡ ವಿದ್ಯಾರ್ಥಿಗಳಲ್ಲಿ ಹಲವರು, ಬಾಡಿಗೆದಾರರಾಗಿಯೋ ಕೊಳ್ಳುವವರಾಗಿಯೋ, ಒಂದಲ್ಲ ಒಂದು ದಿನ ಇಂಥ ಸಂಘದ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ. ಅಲ್ಲಿ ಅವರಿಗೆ ಕೇಳಿಬರುವ ಮಾತು ಒಂದೇ: ‘ನಮ್ಮ ಸೊಸೈಟಿಯ ನಿಯಮ ಹೀಗಿದೆ.’ ಆ ಮಾತಿಗೆ ತಲೆಬಾಗುವ ಮೊದಲು ಕೇಳಬೇಕಾದ ಪ್ರಶ್ನೆ ಯಾವುದು ಎಂಬುದೇ ಈ ಪಾಠದ ವಿಷಯ. ಅದು ಕಾನೂನಿನ ಪ್ರಶ್ನೆಯಾಗಿರುವಷ್ಟೇ ಭಾಷೆಯ ಪ್ರಶ್ನೆಯೂ ಆಗಿದೆ.

ಪದಗಳ ಶ್ರೇಣಿ, ಅಧಿಕಾರದ ಶ್ರೇಣಿ

ಶಾಸನಸಭೆ ಮಾಡಿದ ಕಾನೂನಿಗೆ ಆಡಳಿತ ಕನ್ನಡದಲ್ಲಿ ‘ಅಧಿನಿಯಮ’ ಎಂದು ಹೆಸರು. ಸಂಘವು ತನ್ನ ಸದಸ್ಯರಿಗಾಗಿ ರೂಪಿಸಿಕೊಳ್ಳುವ ಕಟ್ಟಳೆಗೆ ‘ಉಪವಿಧಿ’ ಎಂದು ಹೆಸರು. ಬಳಕೆಯ ಮಾತಿನಲ್ಲಿ ಅದು ‘ಬೈಲಾ’. ಮರಾಠಿಯ ಸರ್ಕಾರಿ ಬರಹದಲ್ಲಿಯೂ ಇವೇ ಸಂಸ್ಕೃತ ಪದಗಳು ಬಳಕೆಯಲ್ಲಿವೆ. ಕನ್ನಡದ ‘ಸಂಘ’ ಅಲ್ಲಿ ‘ಸಂಸ್ಥಾ’ ಆಗುತ್ತದೆ, ‘ಸದಸ್ಯ’ನು ‘ಸಭಾಸದ’ನಾಗುತ್ತಾನೆ, ‘ನಿಬಂಧಕ’ನು ಎರಡೂ ಕಡೆ ನಿಬಂಧಕನೇ. ಹೀಗಾಗಿ ಎರಡು ಭಾಷೆಗಳ ನಡುವೆ ಬಾಳುವ ಸೊಲ್ಲಾಪುರ, ಅಕ್ಕಲಕೋಟೆಗಳ ವಿದ್ಯಾರ್ಥಿಗೆ ಈ ಪದಗಳು ಅಪರಿಚಿತವಲ್ಲ.

ಇಲ್ಲಿ ಗಮನಿಸಬೇಕಾದದ್ದು ಉಪಸರ್ಗಗಳನ್ನು. ‘ಅಧಿ’ ಎಂದರೆ ಮೇಲೆ. ಅಧಿಪತಿ, ಅಧಿಕಾರ ಎಂಬಲ್ಲಿ ಇರುವುದೂ ಅದೇ. ‘ಉಪ’ ಎಂದರೆ ಸಮೀಪದ, ಅಧೀನದ. ಉಪನದಿ, ಉಪಕಥೆ ಎಂಬಲ್ಲಿ ಇರುವಂಥದು. ಸೀನಾ ನದಿಯು ಭೀಮೆಯ ಉಪನದಿ. ಎಷ್ಟು ದೂರ ಹರಿದು ಬಂದರೂ ಅದು ಕೂಡಲದಲ್ಲಿ ಭೀಮೆಯನ್ನು ಸೇರಲೇಬೇಕು. ಉಪವಿಧಿಯ ಸ್ಥಿತಿಯೂ ಹಾಗೆಯೇ. ಅದರ ಬಲವೆಲ್ಲ ಅಧಿನಿಯಮದಿಂದ ಬಂದದ್ದು. ಅಧಿನಿಯಮದ ಪಾತ್ರವನ್ನು ಮೀರಿ ಅದು ಹರಿಯಲಾರದು.

ಮಹಾರಾಷ್ಟ್ರದಲ್ಲಿ ಈ ಶ್ರೇಣಿಯ ಮೆಟ್ಟಿಲುಗಳು ಸ್ಪಷ್ಟವಾಗಿವೆ. ಎಲ್ಲಕ್ಕೂ ಮೇಲೆ ಸಂವಿಧಾನ. ಅದರ ಕೆಳಗೆ ಮಹಾರಾಷ್ಟ್ರ ಸಹಕಾರ ಸಂಘಗಳ ಅಧಿನಿಯಮ, 1960. ಅದರಡಿಯಲ್ಲಿ ಸರ್ಕಾರ ಮಾಡಿದ 1961ರ ನಿಯಮಗಳು. ಅನಂತರ ಸಂಘದ ಉಪವಿಧಿ. ಆಮೇಲೆ ಸರ್ವಸದಸ್ಯರ ಸಭೆಯ ಠರಾವು. ಕಟ್ಟಕಡೆಗೆ ಕಾರ್ಯಕಾರಿ ಸಮಿತಿಯ ಸೂಚನೆ. ಉಪವಿಧಿಗೆ ತಿದ್ದುಪಡಿ ತಂದರೂ ನಿಬಂಧಕರ ಕಚೇರಿಯಲ್ಲಿ ನೋಂದಣಿಯಾಗುವವರೆಗೆ ಅದಕ್ಕೆ ಸಿಂಧುತ್ವವಿಲ್ಲ. ಆದ್ದರಿಂದ ಮೆಟ್ಟಿಲುಗಳ ಬಳಿ ಅಂಟಿಸಿದ ಒಂದು ಸೂಚನಾಪತ್ರ ಉಪವಿಧಿಯಲ್ಲ. ಸಭೆಯಲ್ಲಿ ಬಹುಮತದಿಂದ ಕೈಯೆತ್ತಿದ ಮಾತ್ರಕ್ಕೆ ಉಪವಿಧಿ ಬದಲಾಗುವುದೂ ಇಲ್ಲ.

ಉಪವಿಧಿಯೂ ಪೂರ್ಣಾರ್ಥದಲ್ಲಿ ಕಾನೂನಲ್ಲ. ಆಂಧ್ರಪ್ರದೇಶದ ಸಹಕಾರಿ ಬ್ಯಾಂಕುಗಳಿಗೆ ಸಂಬಂಧಿಸಿದ ಒಂದು ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1969ರಲ್ಲಿ ಇದನ್ನು ತಿಳಿಯಾಗಿ ಹೇಳಿತು: ಸಹಕಾರ ಸಂಘದ ಉಪವಿಧಿಗೆ ಶಾಸನದ ಬಲವಿಲ್ಲ, ಅದು ಕಂಪನಿಯೊಂದರ ಆಂತರಿಕ ಆಡಳಿತದ ನಿಯಮಾವಳಿಯಂತೆ ಸಂಘವನ್ನೂ ಸದಸ್ಯರನ್ನೂ ಪರಸ್ಪರ ಕಟ್ಟಿಹಾಕುವ ಒಪ್ಪಂದ. ಒಪ್ಪಂದ ಎಂದ ಮೇಲೆ ಅದಕ್ಕೆ ಗೌರವವೂ ಉಂಟು, ಮಿತಿಯೂ ಉಂಟು.

ರಾಜ್ಯದ ಕಾನೂನೇ ಏಕೆ?

ಸಹಕಾರ ಸಂಘಗಳು ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯಪಟ್ಟಿಗೆ, ಅದರ 32ನೆಯ ನಮೂದಿಗೆ ಸೇರಿವೆ. 2011ರಲ್ಲಿ ಅಂಗೀಕೃತವಾದ 97ನೆಯ ತಿದ್ದುಪಡಿಯು ಸಹಕಾರ ಸಂಘ ಕಟ್ಟಿಕೊಳ್ಳುವುದನ್ನು 19ನೆಯ ಅನುಚ್ಛೇದದ ಮೂಲಭೂತ ಹಕ್ಕುಗಳ ಸಾಲಿಗೆ ಸೇರಿಸಿತು. ಅದೇ ತಿದ್ದುಪಡಿಯು ಸಹಕಾರ ಸಂಘಗಳ ಆಡಳಿತಕ್ಕೆಂದು ಒಂದು ಹೊಸ ಭಾಗವನ್ನೂ ತಂದಿತ್ತು. ರಾಜ್ಯಗಳ ಒಪ್ಪಿಗೆ ಪಡೆಯದ ಕಾರಣ ಆ ಭಾಗವು ರಾಜ್ಯದೊಳಗಿನ ಸಂಘಗಳಿಗೆ ಅನ್ವಯಿಸದು ಎಂದು ಸರ್ವೋಚ್ಚ ನ್ಯಾಯಾಲಯ 2021ರಲ್ಲಿ ತೀರ್ಪಿತ್ತಿತು. ಹೀಗೆ ಸೊಲ್ಲಾಪುರದ ಸಂಘವೊಂದರ ಅಧಿಕಾರ ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆ ಎಂಬುದನ್ನು ಹೇಳುವುದು ಮುಖ್ಯವಾಗಿ ಮಹಾರಾಷ್ಟ್ರದ ಶಾಸನಸಭೆ. ವಿಜಯಪುರದ ಸಂಘದ ವಿಷಯದಲ್ಲಿ ಅದು ಕರ್ನಾಟಕದ 1959ರ ಸಹಕಾರ ಸಂಘಗಳ ಅಧಿನಿಯಮ. 2019ರಲ್ಲಿ ಮಹಾರಾಷ್ಟ್ರವು ತನ್ನ ಅಧಿನಿಯಮಕ್ಕೆ ಗೃಹನಿರ್ಮಾಣ ಸಂಘಗಳಿಗೆಂದೇ ಒಂದು ಪ್ರತ್ಯೇಕ ಅಧ್ಯಾಯವನ್ನು ಸೇರಿಸಿತು.

ಸಂಘ ಹುಟ್ಟಿದ ಉದ್ದೇಶ

ಮಿತಿಗಳನ್ನು ಅರಿಯುವ ಮೊದಲು ಇಂಥ ಸಂಘಗಳು ಏಕೆ ಹುಟ್ಟಿದವು ಎಂಬುದನ್ನು ತಿಳಿಯಬೇಕು. ಭಾರತದ ಗೃಹನಿರ್ಮಾಣ ಸಹಕಾರ ಚಳವಳಿಯ ಆದಿಯಲ್ಲಿ ಕನ್ನಡ ನಾಡಿನ ಹೆಸರಿದೆ. 1909ರಲ್ಲಿ ಮೈಸೂರು ಸಂಸ್ಥಾನದಲ್ಲಿ ಸ್ಥಾಪಿತವಾದ ಬೆಂಗಳೂರು ಕಟ್ಟಡ ನಿರ್ಮಾಣ ಸಹಕಾರ ಸಂಘವನ್ನು ದೇಶದ ಮೊದಲ ಗೃಹ ಸಹಕಾರ ಸಂಘವೆಂದು ಗುರುತಿಸಲಾಗುತ್ತದೆ. 1915ರಲ್ಲಿ ಮುಂಬಯಿಯ ಗಾಮದೇವಿಯಲ್ಲಿ ಸಾರಸ್ವತ ಗೃಹನಿರ್ಮಾಣ ಸಹಕಾರ ಸಂಘ ನೋಂದಣಿಯಾಯಿತು. ಅದರ ಹಿಂದಿನ ಶಕ್ತಿ ರಾವ್ ಬಹಾದ್ದೂರ್ ಎಸ್. ಎಸ್. ತಲ್ಮಕಿ. ಕೆನರಾ ಸೀಮೆಯಿಂದ ಉದ್ಯೋಗ ಅರಸಿ ಮುಂಬಯಿಗೆ ಹೋದ ಚಿತ್ರಾಪುರ ಸಾರಸ್ವತ ಕುಟುಂಬಗಳಿಗೆ ಕೈಗೆಟುಕುವ ವಸತಿ ದೊರಕಬೇಕೆಂಬುದು ಆ ಸಂಘದ ಆಶಯವಾಗಿತ್ತು. ಪರಸ್ಥಳದಲ್ಲಿ ತಮ್ಮವರು ತಮ್ಮವರಿಗೆ ಆಸರೆಯಾದ ಬಗೆ ಅದು.

ಬೋರಾಮಣಿ ಇರುವ ದಕ್ಷಿಣ ಸೊಲ್ಲಾಪುರ ತಾಲೂಕಿನಲ್ಲಿಯೇ ಇನ್ನೊಂದು ಬಗೆಯ ಮಾದರಿ ಇದೆ. ಕುಂಭಾರಿಯ ಬಳಿ ಮಹಿಳಾ ಬೀಡಿ ಕಾರ್ಮಿಕರಿಗಾಗಿ ಗೋದೂತಾಯಿ ಪರುಳೇಕರ್ ಅವರ ಹೆಸರಿನ ಸಹಕಾರ ಸಂಘದ ಮೂಲಕ 10,000 ಮನೆಗಳು ಎದ್ದವು. 2006ರಲ್ಲಿ ಅಂದಿನ ಪ್ರಧಾನಮಂತ್ರಿ ಮನಮೋಹನ ಸಿಂಗ್ ಅವುಗಳ ಹಸ್ತಾಂತರಕ್ಕೆ ಬಂದಿದ್ದರು. ಅದೇ ಕುಂಭಾರಿಯ ರೇ ನಗರ ಯೋಜನೆಯ 15,000 ಮನೆಗಳನ್ನು 2024ರ ಜನವರಿ 19ರಂದು ಪ್ರಧಾನಮಂತ್ರಿ ನರೇಂದ್ರ ಮೋದಿ ಲೋಕಾರ್ಪಣೆ ಮಾಡಿದರು. ಕೈಮಗ್ಗ ಮತ್ತು ವಿದ್ಯುತ್ ಮಗ್ಗದ ಕೆಲಸಗಾರರು, ಬೀಡಿ ಕಟ್ಟುವವರು, ಚಿಂದಿ ಆಯುವವರು, ವಾಹನ ಚಾಲಕರು ಇದರ ಫಲಾನುಭವಿಗಳು. ಇಲ್ಲಿ ಜನರನ್ನು ಒಟ್ಟುಗೂಡಿಸಿದ್ದು ಕುಲವಲ್ಲ, ಕಸುಬು.

ಒಗ್ಗಟ್ಟಿಲ್ಲದೆ ಇಂಥ ಮನೆಗಳು ಏಳುತ್ತಿರಲಿಲ್ಲ. ಆದರೆ ಒಗ್ಗಟ್ಟಿಗೆ ಒಳಗು ಇರುವಂತೆ ಹೊರಗೂ ಇರುತ್ತದೆ. ಒಳಗಿನವರಿಗೆ ಆಸರೆಯಾದ ಗೋಡೆಯೇ ಹೊರಗಿನವರಿಗೆ ತಡೆಯಾಗಬಹುದು. ರಾಜ್ಯದ ಕಾನೂನು ಮಿತಿ ಹಾಕಲು ಬರುವುದು ಈ ಎಡೆಯಲ್ಲಿ. ಆ ಮಿತಿಗಳನ್ನು ಪ್ರವೇಶ, ಹಣ, ಬಾಳುವೆ ಎಂದು ಮೂರಾಗಿ ವಿಂಗಡಿಸಿ ನೋಡಬಹುದು.

ಪ್ರವೇಶದ ಮಿತಿ

ಸಹಕಾರ ಗೃಹಸಂಘದಲ್ಲಿ ಮನೆ ಕೊಂಡವನು ಸಂಘದ ಸದಸ್ಯನೂ ಆಗಬೇಕು. ಸದಸ್ಯತ್ವ ನಿರಾಕರಿಸಿದರೆ ಹಣ ಕೊಟ್ಟ ಮನೆಯೂ ಕೈಗೆ ಬಂದಂತಾಗುವುದಿಲ್ಲ. ಅದಕ್ಕಾಗಿಯೇ 1960ರ ಅಧಿನಿಯಮದ 23ನೆಯ ಪ್ರಕರಣವು ಮುಕ್ತ ಸದಸ್ಯತ್ವದ ತತ್ತ್ವವನ್ನು ಹೇಳುತ್ತದೆ: ಅಧಿನಿಯಮ ಮತ್ತು ಉಪವಿಧಿಗಳ ಪ್ರಕಾರ ಅರ್ಹನಾದವನಿಗೆ ಸಾಕಷ್ಟು ಕಾರಣವಿಲ್ಲದೆ ಸದಸ್ಯತ್ವ ನಿರಾಕರಿಸುವಂತಿಲ್ಲ. ನಿರಾಕರಿಸಿದರೆ ಕಾರಣಸಹಿತ ತಿಳಿಸಬೇಕು. ಅರ್ಜಿದಾರನು ನಿಬಂಧಕರಲ್ಲಿ ಮೇಲ್ಮನವಿ ಸಲ್ಲಿಸಬಹುದು. ಅರ್ಜಿ ತಲುಪಿದ ಮೂರು ತಿಂಗಳೊಳಗೆ ಸಂಘವು ಯಾವ ನಿರ್ಧಾರವನ್ನೂ ತಿಳಿಸದಿದ್ದರೆ ಅರ್ಜಿದಾರನು ಸದಸ್ಯನಾದನೆಂದೇ ಭಾವಿಸಬೇಕೆಂದು 22ನೆಯ ಪ್ರಕರಣ ವಿಧಿಸುತ್ತದೆ. ಮೌನವನ್ನೇ ಆಯುಧ ಮಾಡಿಕೊಳ್ಳುವ ಸಮಿತಿಗೆ ಇದು ಶಾಸನದ ಉತ್ತರ. ಇಲ್ಲಿ ಅರ್ಜಿ ಕೊಟ್ಟ ದಿನಾಂಕ ಮತ್ತು ಸಂಘದ ಸ್ವೀಕೃತಿಯ ಮುದ್ರೆ ಬಹಳ ಮುಖ್ಯವಾಗುತ್ತವೆ; ಬಾಯಿಮಾತಿನ ಅರ್ಜಿಗೆ ಮೂರು ತಿಂಗಳ ಲೆಕ್ಕ ಹಿಡಿಯಲಾಗದು.

ಹೊರಹಾಕುವುದಕ್ಕೂ ಮಿತಿಯಿದೆ. ಸದಸ್ಯನನ್ನು ಉಚ್ಚಾಟಿಸಲು ಅದಕ್ಕೆಂದೇ ಕರೆದ ಸರ್ವಸದಸ್ಯರ ಸಭೆಯಲ್ಲಿ ಹಾಜರಿದ್ದು ಮತದ ಹಕ್ಕುಳ್ಳವರಲ್ಲಿ ನಾಲ್ಕರಲ್ಲಿ ಮೂರು ಪಾಲಿನ ಬಹುಮತ ಬೇಕು. ಆತನ ಮಾತನ್ನು ಕೇಳಿರಬೇಕು. ನಿಬಂಧಕರ ಒಪ್ಪಿಗೆಯೂ ದೊರೆತಿರಬೇಕು.

ಹಣದ ಮಿತಿ

ಮನೆ ಕೈಬದಲಾಗುವಾಗ ಸಂಘಗಳು ಹಸ್ತಾಂತರ ಶುಲ್ಕವನ್ನು ಕೇಳುತ್ತವೆ. 2001ರ ಆಗಸ್ಟ್ ತಿಂಗಳ ಸುತ್ತೋಲೆಯಲ್ಲಿ ಇದಕ್ಕೆ ಗರಿಷ್ಠ ಮಿತಿಯನ್ನು ನಿಗದಿಮಾಡಲಾಯಿತು: ಮಹಾನಗರಪಾಲಿಕೆಯ ಪ್ರದೇಶದಲ್ಲಿ 25,000 ರೂಪಾಯಿ, ಗ್ರಾಮಪಂಚಾಯತಿಯ ಪ್ರದೇಶದಲ್ಲಿ 5,000 ರೂಪಾಯಿ, ನಗರಪರಿಷತ್ತುಗಳಿಗೆ ಅವುಗಳ ದರ್ಜೆಯಂತೆ ಇವೆರಡರ ನಡುವಿನ ಮೊತ್ತ. ಅಂದರೆ ಸೊಲ್ಲಾಪುರ ನಗರದ ಸಂಘಕ್ಕೂ ಬೋರಾಮಣಿಯಂಥ ಗ್ರಾಮದಲ್ಲಿ ಎದ್ದಿರಬಹುದಾದ ಸಂಘಕ್ಕೂ ಮಿತಿ ಒಂದೇ ಅಲ್ಲ. ‘ದೇಣಿಗೆ’, ‘ಅಭಿವೃದ್ಧಿ ನಿಧಿ’ ಎಂದು ಹೆಸರು ಬದಲಿಸಿ ಮಿತಿ ಮೀರಿದ ಹಣವನ್ನು ಕಡ್ಡಾಯವಾಗಿ ಕೇಳಿದರೂ ಅದರ ಸ್ವರೂಪ ಬದಲಾಗುವುದಿಲ್ಲ. ಕೊಡುವವನ ಇಚ್ಛೆ ಇಲ್ಲದ ಕಡೆ ‘ದೇಣಿಗೆ’ ಎಂಬ ಪದಕ್ಕೆ ಅರ್ಥವೇ ಇರದು.

ಮನೆಯ ಒಡೆಯನು ತಾನು ವಾಸಿಸದೆ ಬಾಡಿಗೆಗೆ ಕೊಟ್ಟರೆ ಸಂಘವು ‘ಬಿನ್‌ಭೋಗವಟಾ ಶುಲ್ಕ’ ವಿಧಿಸುತ್ತದೆ. ಕನ್ನಡದಲ್ಲಿ ಇದನ್ನು ಸ್ವವಾಸವಿಲ್ಲದ ಮನೆಯ ಶುಲ್ಕ ಎನ್ನಬಹುದು. ಕೆಲವು ಸಂಘಗಳು ಇದನ್ನು ಅತಿಯಾಗಿ ಏರಿಸಿದಾಗ ಸರ್ಕಾರವು ಅಧಿನಿಯಮದ 79ಎ ಪ್ರಕರಣದಡಿ 2001ರ ಆಗಸ್ಟ್ 1ರಂದು ಆದೇಶ ಹೊರಡಿಸಿ, ಈ ಶುಲ್ಕವು ಸೇವಾಶುಲ್ಕದ ಶೇಕಡಾ 10ನ್ನು ಮೀರಬಾರದೆಂದು ವಿಧಿಸಿತು. ಮುಂಬಯಿಯ ಮೋಂಟ್ ಬ್ಲಾಂಕ್ ಸಂಘವು ಇದನ್ನು ಪ್ರಶ್ನಿಸಿತು; ಮುಂಬಯಿ ಉಚ್ಚ ನ್ಯಾಯಾಲಯವು 2007ರಲ್ಲಿ ಸರ್ಕಾರದ ಆದೇಶವನ್ನು ಎತ್ತಿಹಿಡಿಯಿತು. ಒಂದು ಉದಾಹರಣೆ: ಮನೆಯೊಂದರ ತಿಂಗಳ ಸೇವಾಶುಲ್ಕ 2,000 ರೂಪಾಯಿ ಇದ್ದರೆ ಈ ಹೆಚ್ಚುವರಿ ಶುಲ್ಕ 200 ರೂಪಾಯಿಗೆ ನಿಲ್ಲಬೇಕು. ಸರ್ವಸದಸ್ಯರ ಸಭೆ ಒಮ್ಮತದಿಂದ 1,000 ರೂಪಾಯಿ ಎಂದು ಠರಾವು ಮಾಡಿದರೂ ಆ ಠರಾವು ಶ್ರೇಣಿಯಲ್ಲಿ ಕೆಳಗಿನದು. ಆದೇಶವನ್ನು ಅದು ಮೀರಲಾರದು.

ಬಾಳುವೆಯ ಮಿತಿ

ಮನೆಯೊಳಗೆ ಹೇಗೆ ಬಾಳಬೇಕೆಂಬುದರಲ್ಲಿ ಸಂಘದ ಮಾತು ಎಲ್ಲಿಯವರೆಗೆ ನಡೆಯುತ್ತದೆ? ಗೋಡೆ ಒಡೆಯುವುದು, ನೆರೆಯವರ ನಿದ್ದೆ ಕೆಡಿಸುವುದು, ಸಾಮಾನ್ಯ ಜಾಗವನ್ನು ಆಕ್ರಮಿಸುವುದು ಇವುಗಳನ್ನು ಸಂಘ ತಡೆಯಬಹುದು, ತಡೆಯಬೇಕು ಕೂಡ. ಬಾಕಿ ಉಳಿಸಿಕೊಂಡ ಸದಸ್ಯನಿಂದ ಹಣವನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಿಸುವ ದಾರಿಯನ್ನೂ ಅಧಿನಿಯಮವು ಸಂಘಕ್ಕೆ ಕೊಟ್ಟಿದೆ. ಮಿತಿಗಳು ಸಂಘವನ್ನು ನಿರ್ಬಲಗೊಳಿಸಲು ಇರುವಂಥವಲ್ಲ.

ಆದರೆ ಎಲ್ಲವೂ ಸಂಘದ ಇಚ್ಛೆಯಲ್ಲ. ಮಹಾರಾಷ್ಟ್ರದ ಮಾದರಿ ಉಪವಿಧಿಗಳಂತೆ ಸದಸ್ಯನು ಮನೆಯನ್ನು ಬಾಡಿಗೆಗೆ ಕೊಡಲು ಸಂಘದ ಪೂರ್ವಾನುಮತಿ ಪಡೆಯಬೇಕಿಲ್ಲ, ಲಿಖಿತವಾಗಿ ತಿಳಿಸಬೇಕು. ‘ಅನುಮತಿ’ ಮತ್ತು ‘ತಿಳಿವಳಿಕೆ’ ಎಂಬ ಎರಡು ಪದಗಳ ನಡುವಿನ ಅಂತರದಲ್ಲಿ ಬಾಡಿಗೆಗೆ ಮನೆ ಅರಸುವ ಅನೇಕ ಯುವಕ ಯುವತಿಯರ ಆಶ್ರಯ ಅಡಗಿದೆ. ಸಾಕುಪ್ರಾಣಿಗಳ ವಿಷಯದಲ್ಲಿ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯು 2015ರಲ್ಲಿ ಮಾರ್ಗಸೂಚಿ ಹೊರಡಿಸಿ, ಸಂಘಗಳು ಅವುಗಳನ್ನು ಪೂರ್ತಿಯಾಗಿ ನಿಷೇಧಿಸುವಂತಿಲ್ಲ ಎಂದಿತು. ಅಂಥ ನಿಷೇಧದ ಉಪವಿಧಿ ಊರ್ಜಿತವಲ್ಲವೆಂದು ಕೇರಳ ಉಚ್ಚ ನ್ಯಾಯಾಲಯ 2021ರಲ್ಲಿ ತೀರ್ಪು ನೀಡಿತು. ಹೊರದೇಶಗಳಲ್ಲೂ ಇಂಥ ಮಿತಿಗಳಿವೆ. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯವು 1978ರಲ್ಲಿಯೇ ಕಾನೂನು ಮಾಡಿ, ಮನೆಯ ಮೇಲೆ ಸೌರಫಲಕ ಕೂರಿಸುವುದನ್ನು ಮನೆಯೊಡೆಯರ ಸಂಘಗಳು ನಿಷೇಧಿಸದಂತೆ ತಡೆಯಿತು.

ಎರಡು ತೀರ್ಪುಗಳು

ಕಾನೂನಿನ ಮಿತಿ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಎರಡು ದೇಶಗಳ ಎರಡು ತೀರ್ಪುಗಳು ತೋರಿಸುತ್ತವೆ.

ಅಮೆರಿಕದ ಸೇಂಟ್ ಲೂಯಿಸ್ ನಗರದ ಒಂದು ಬೀದಿಯ ಮನೆಯೊಡೆಯರು ಕರಿಯರಿಗೆ ಮನೆ ಕೊಡುವುದಿಲ್ಲವೆಂದು 1911ರಲ್ಲಿ ಒಪ್ಪಂದ ಮಾಡಿಕೊಂಡಿದ್ದರು. ಶೆಲ್ಲಿ ಎಂಬ ಕರಿಯ ಕುಟುಂಬ 1945ರಲ್ಲಿ ಅಲ್ಲಿ ಮನೆ ಕೊಂಡಿತು. 1948ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಹೇಳಿದ್ದು ಹೀಗೆ: ಖಾಸಗಿ ಜನರು ತಮ್ಮಲ್ಲಿ ಏನನ್ನೇ ಒಪ್ಪಿಕೊಂಡಿರಲಿ, ಅಂಥ ಒಪ್ಪಂದವನ್ನು ಜಾರಿಗೊಳಿಸಲು ರಾಜ್ಯದ ನ್ಯಾಯಾಲಯವು ಕೈಜೋಡಿಸಿದರೆ ಅದು ರಾಜ್ಯದ ಕೃತ್ಯವಾಗುತ್ತದೆ, ಸಮಾನತೆಯ ವಚನಕ್ಕೆ ವಿರುದ್ಧವಾಗುತ್ತದೆ. 1968ರಲ್ಲಿ ಶಾಸನವೇ ಬಂದು ಮನೆಯ ಮಾರಾಟ, ಬಾಡಿಗೆಗಳಲ್ಲಿ ಜನಾಂಗಭೇದವನ್ನು ನಿಷೇಧಿಸಿತು.

ಎರಡನೆಯದು ಅಹಮದಾಬಾದಿನ ಜೊರೊಆಸ್ಟ್ರಿಯನ್ ಗೃಹನಿರ್ಮಾಣ ಸಹಕಾರ ಸಂಘದ ಪ್ರಕರಣ. ಪಾರಸಿಗಳಿಗೆ ಮಾತ್ರ ಸದಸ್ಯತ್ವ ಎಂಬುದು 1926ರಲ್ಲಿ ನೋಂದಣಿಯಾದ ಆ ಸಂಘದ ಉಪವಿಧಿ. ಸದಸ್ಯರೊಬ್ಬರು ತಮ್ಮ ನಿವೇಶನವನ್ನು ಹೊರಗಿನವರಿಗೆ ಮಾರಲು ಮುಂದಾದಾಗ ವಿವಾದ ಎದ್ದಿತು. 2005ರಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯ ಆ ಉಪವಿಧಿಯನ್ನು ಎತ್ತಿಹಿಡಿಯಿತು. ತೀರ್ಪಿನ ಒಂದು ಮುಖ್ಯ ಎಳೆ ಶಾಸನದ ಪದಗಳಲ್ಲಿಯೇ ಇದೆ. ಗುಜರಾತಿನ ಅಧಿನಿಯಮದಲ್ಲಿಯೂ ಮುಕ್ತ ಸದಸ್ಯತ್ವದ ಮಾತಿದೆ. ಆದರೆ ಅದು ದೊರೆಯುವುದು ಅಧಿನಿಯಮ, ನಿಯಮ ‘ಮತ್ತು ಉಪವಿಧಿಗಳ’ ಪ್ರಕಾರ ಅರ್ಹನಾದವನಿಗೆ. ಅರ್ಹತೆಯನ್ನು ಉಪವಿಧಿಯೇ ಹೇಳುವುದಾದರೆ, ಅದರ ಹೊರಗಿರುವವನು ‘ಅರ್ಹ’ನೇ ಅಲ್ಲ. ಸಂಘ ಕಟ್ಟಿಕೊಳ್ಳುವ ಹಕ್ಕನ್ನೂ, ಒಪ್ಪಂದವನ್ನು ತಿಳಿದೇ ಒಳಬಂದ ಸದಸ್ಯನ ಬದ್ಧತೆಯನ್ನೂ ನ್ಯಾಯಾಲಯ ಪರಿಗಣಿಸಿತು. ಬದಲಾವಣೆ ಬೇಕಾದರೆ ಅದನ್ನು ತರಬೇಕಾದದ್ದು ಶಾಸನಸಭೆ ಎಂದಿತು.

ಮಹಾರಾಷ್ಟ್ರದ 23ನೆಯ ಪ್ರಕರಣವನ್ನು ಮತ್ತೆ ಓದಿದರೆ ‘ಮತ್ತು ಉಪವಿಧಿಗಳ’ ಎಂಬ ಎರಡು ಪದಗಳು ಅಲ್ಲಿಯೂ ಇವೆ. ಸಾಮಾನ್ಯ ಓದುಗನು ಅವುಗಳ ಮೇಲೆ ಹಾದುಹೋಗುತ್ತಾನೆ. ಆದರೆ ಬಾಗಿಲು ತೆರೆದಿದೆ ಎನ್ನುವ ವಾಕ್ಯದೊಳಗೇ ಬಾಗಿಲನ್ನು ಮುಚ್ಚಬಲ್ಲ ಅಗುಳಿಯೊಂದು ಇರುವುದು ಆ ಪದಗಳಲ್ಲಿ.

ಗಾಮದೇವಿಯ ಹಳೆಯ ಆಶಯವನ್ನೂ ಸೇಂಟ್ ಲೂಯಿಸ್‌ನ ಬೀದಿಯನ್ನೂ ಒಟ್ಟಿಗೆ ನೆನೆದರೆ ಸಮಸ್ಯೆಯ ಆಳ ತಿಳಿಯುತ್ತದೆ. ಅಲ್ಪಸಂಖ್ಯಾತರು ಆಸರೆಗಾಗಿ ಒಂದಾಗುವುದಕ್ಕೂ ಬಲಿಷ್ಠರು ಇತರರನ್ನು ದೂರವಿಡಲು ಒಂದಾಗುವುದಕ್ಕೂ ನ್ಯಾಯದ ತಕ್ಕಡಿಯಲ್ಲಿ ಒಂದೇ ತೂಕವಿಲ್ಲ. ಆದರೂ ಉಪವಿಧಿಯ ವಾಕ್ಯದಲ್ಲಿ ಎರಡೂ ಒಂದೇ ರೂಪದಲ್ಲಿ ಕಾಣಿಸಿಕೊಳ್ಳಬಲ್ಲವು. ಮರಾಠಿ, ಕನ್ನಡ, ತೆಲುಗು, ಉರ್ದು ನುಡಿಗಳು ಒಂದೇ ಪೇಟೆಯಲ್ಲಿ ಕೇಳಿಬರುವ ಸೊಲ್ಲಾಪುರದವರಿಗೆ ಈ ವ್ಯತ್ಯಾಸ ದೂರದ ಸಂಗತಿಯಲ್ಲ. ಇಲ್ಲಿಯ ಕನ್ನಡಿಗನು ಒಂದು ಕಟ್ಟಡದಲ್ಲಿ ಒಳಗಿನವನಾಗಿರಬಹುದು, ಇನ್ನೊಂದರಲ್ಲಿ ಹೊರಗಿನವನಾಗಬಹುದು.

ಓದುವ ಕ್ರಮ

ಉಪವಿಧಿಯನ್ನು ಓದುವಾಗ ನಾಲ್ಕು ಪ್ರಶ್ನೆಗಳು ಸಾಕು. ಇದು ಶ್ರೇಣಿಯ ಯಾವ ಮೆಟ್ಟಿಲಿನ ಮಾತು: ಅಧಿನಿಯಮದ್ದೋ, ನೋಂದಾಯಿತ ಉಪವಿಧಿಯದ್ದೋ, ಬರೀ ಸಮಿತಿಯ ಸೂಚನೆಯೋ? ಇದಕ್ಕೆ ಮೇಲಿನ ಮೆಟ್ಟಿಲು ಯಾವ ಮಿತಿ ಹಾಕಿದೆ? ವಾಕ್ಯದಲ್ಲಿ ಇರುವುದು ‘ತಕ್ಕದ್ದು’ ಎಂಬ ಕಡ್ಡಾಯವೋ, ‘ಬಹುದು’ ಎಂಬ ಅವಕಾಶವೋ? ಇದರಿಂದ ತೊಂದರೆಯಾದವನು ಯಾರ ಬಳಿ ಹೋಗಬೇಕು? ಕೊನೆಯ ಪ್ರಶ್ನೆಗೆ ಉತ್ತರವಾಗಿ ಮಹಾರಾಷ್ಟ್ರದಲ್ಲಿ ಸದಸ್ಯತ್ವದ ನಿರಾಕರಣೆಗೆ ನಿಬಂಧಕರೂ, ಸಂಘದ ವ್ಯವಹಾರದ ಅನೇಕ ವಿವಾದಗಳಿಗೆ 91ನೆಯ ಪ್ರಕರಣದಡಿ ಸಹಕಾರ ನ್ಯಾಯಾಲಯವೂ ಇವೆ.

ಐಚ್ಛಿಕ ಕನ್ನಡದ ವಿದ್ಯಾರ್ಥಿಯು ಶಾಸನಗಳನ್ನು ಓದುವಾಗ ದಾನ ಕೊಟ್ಟವರಾರು, ಪಡೆದವರಾರು, ಎಲ್ಲೆ ಯಾವುದು, ತಪ್ಪಿದವರಿಗೆ ಏನು ಎಂಬುದನ್ನು ಹುಡುಕುತ್ತಾನೆ. ಉಪವಿಧಿಯೂ ಅಂಥದೇ ಒಂದು ಶಾಸನ. ಕಲ್ಲಿನ ಮೇಲಿಲ್ಲ, ಕಾಗದದ ಮೇಲಿದೆ ಅಷ್ಟೆ. ‘ನಮ್ಮ ನಿಯಮ ಹೀಗಿದೆ’ ಎಂಬ ಮಾತಿಗೆ ವಿನಯದಿಂದಲೇ ಕೊಡಬಹುದಾದ ಉತ್ತರವೊಂದಿದೆ: ‘ಅದನ್ನು ಓದಲು ಕೊಡಿ.’

ಅಭ್ಯಾಸ

1. ‘ಅಧಿ’, ‘ಉಪ’ ಉಪಸರ್ಗಗಳಿರುವ ತಲಾ ಐದು ಪದಗಳನ್ನು ಬರೆದು, ಅವುಗಳಲ್ಲಿ ಮೇಲು, ಅಧೀನ ಎಂಬ ಅರ್ಥಗಳು ಎಷ್ಟರಮಟ್ಟಿಗೆ ಉಳಿದಿವೆ ಎಂಬುದನ್ನು ವಿವೇಚಿಸಿರಿ.

2. ‘ಪೂರ್ವಾನುಮತಿ ಪಡೆಯತಕ್ಕದ್ದು’, ‘ಲಿಖಿತವಾಗಿ ತಿಳಿಸತಕ್ಕದ್ದು’ ಎಂಬ ಎರಡು ವಾಕ್ಯಗಳು ಬಾಡಿಗೆದಾರನ ಪಾಲಿಗೆ ಹೇಗೆ ಭಿನ್ನವಾಗುತ್ತವೆ? ವಿವರಿಸಿರಿ.

3. 1948ರ ಮತ್ತು 2005ರ ತೀರ್ಪುಗಳನ್ನು ಹೋಲಿಸಿ, ಆಸರೆಗಾಗಿ ಕೂಡುವುದಕ್ಕೂ ದೂರವಿಡಲು ಕೂಡುವುದಕ್ಕೂ ಇರುವ ವ್ಯತ್ಯಾಸವನ್ನು ಶಾಸನದ ಭಾಷೆಯಲ್ಲಿ ಹೇಗೆ ಹೇಳಬಹುದೆಂದು ಒಂದು ಪುಟದಲ್ಲಿ ಬರೆಯಿರಿ.

4. ನಿಮ್ಮ ಊರಿನ ಯಾವುದಾದರೂ ಸಹಕಾರ ಸಂಘದ ಮರಾಠಿ ಉಪವಿಧಿಯ ಒಂದು ಪುಟವನ್ನು ಕನ್ನಡಕ್ಕೆ ಅನುವಾದಿಸಿ, ಎರಡೂ ಭಾಷೆಗಳಿಗೆ ಸಮಾನವಾದ ಪದಗಳನ್ನು ಪಟ್ಟಿಮಾಡಿರಿ.